ಚಿಕ್ಕ ಕ್ಯಾಂಪಿಂಗ್ ಟ್ರೇಲರ್‌ನಲ್ಲಿ ಬೆಚ್ಚಗೆ ಮಲಗುವುದು ಹೇಗೆ: ಬೆಂಗಳೂರಿನಿಂದ ಬೆಟ್ಟಕ್ಕೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಹತ್ತಿರ ಬಂದರೆ ಟ್ರೇಲರ್ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಯಾವ ಹೀಟರ್ ಹಾಕಿಸಲಿ? ನನ್ನ ಉತ್ತರ ತುಂಬಾ ಜನಕ್ಕೆ ಹಿಡಿಸುವುದಿಲ್ಲ. ಹೀಟರ್ ಮಾತು ಆಮೇಲೆ. ಮೊದಲು ಹಾಸಿಗೆ ನೋಡಿ, ಬಾಗಿಲಿನ ಸಂದಿ ನೋಡಿ, ಗಾಡಿ ನಿಲ್ಲಿಸುವ ಜಾಗ ನೋಡಿ. ನಮ್ಮ ಕಡೆಯ ಚಳಿಗೆ ಜಾಸ್ತಿ ಕೆಲಸ ಅಲ್ಲೇ ಮುಗಿದುಹೋಗುತ್ತದೆ. ಕಾಯಿಸಬೇಕಾದ್ದು ಮಲಗಿರುವ ಮನುಷ್ಯರನ್ನು, ಇಡೀ ಗಾಡಿಯನ್ನಲ್ಲ. ಈ ಲೆಕ್ಕ ತಲೆಗೆ ಹೋದರೆ ಖರ್ಚೂ ಇಳಿಯುತ್ತದೆ, ಅಪಾಯವೂ ಇಳಿಯುತ್ತದೆ.

ಈ ಬರಹ ಕಾರಿನ ಹಿಂದೆ ಎಳೆಯುವ ಸಣ್ಣ ಟ್ರೇಲರ್‌ಗೆ ಅಂತ ಬರೆದದ್ದು. ಇಬ್ಬರು, ಹೆಚ್ಚೆಂದರೆ ಇಬ್ಬರ ಜೊತೆ ಒಂದು ಮಗು ಮಲಗುವಂಥದ್ದು. ಓಮ್ನಿ, ಈಕೋ, ಟೆಂಪೋ ಟ್ರಾವೆಲರ್ ಒಳಗೆ ಹಾಸಿಗೆ ಹಾಕಿಕೊಂಡವರಿಗೂ ಬಹುಪಾಲು ಹಾಗೇ ಹೊಂದುತ್ತದೆ.

ನಮಗೆ ಸಿಗುವ ಚಳಿ ಎಷ್ಟು?

ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಜನವರಿ ರಾತ್ರಿಗಳಲ್ಲಿ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಊರಿನ ಇತಿಹಾಸದಲ್ಲೇ ಅತಿ ಕಡಿಮೆ ಉಷ್ಣತೆ ದಾಖಲಾಗಿದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅಂದರೆ ಬೆಂಗಳೂರಿನ ಚಳಿಗೆ ಹೀಟರ್ ಬೇಕಾಗಿಲ್ಲ, ಒಂದು ರಗ್ಗು ಸಾಕು.

ಬೆಟ್ಟ ಹತ್ತಿದರೆ ಕಥೆ ಬೇರೆ. ಪ್ರತಿ 100 ಮೀಟರ್ ಏರಿದಾಗ ಸರಾಸರಿ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪಾಗುತ್ತದೆ. ನಂದಿಬೆಟ್ಟ 1,478 ಮೀಟರ್, ಮುಳ್ಳಯ್ಯನಗಿರಿ 1,930, ಊಟಿ ಸುಮಾರು 2,240. ಈ ಲೆಕ್ಕದಲ್ಲಿ ನಂದಿಯಲ್ಲಿ ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ, ಊಟಿಯಲ್ಲಿ ಎಂಟು ಒಂಬತ್ತು ಡಿಗ್ರಿ ಕಡಿಮೆ. ಮೋಡವಿಲ್ಲದ ರಾತ್ರಿ, ಗಾಳಿಯೂ ನಿಂತಿದ್ದರೆ ಇನ್ನೂ ಇಳಿಯುತ್ತದೆ. ಊಟಿಯ ತಗ್ಗು ಪ್ರದೇಶಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕಟ್ಟುವುದು ಹೊಸದೇನಲ್ಲ.

ಹಾಗಾಗಿ ನಿಮ್ಮ ತಯಾರಿ ನೀವು ಹೋಗುವ ಜಾಗಕ್ಕೆ ತಕ್ಕಂತೆ ಇರಲಿ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇ ಅಂಗಳಕ್ಕೆ ಒಂದು ಥರ, ಊಟಿ ಕೊಡೈಕೆನಾಲ್‌ಗೆ ಇನ್ನೊಂದು ಥರ. ಲಡಾಖ್, ಸ್ಪಿತಿಗೆ ಹೋಗುವವರಿಗೆ ಇದು ಸಾಲದು.

ಎಲ್ಲಕ್ಕಿಂತ ಮೊದಲು: ಒಳಗೆ ಏನನ್ನೂ ಉರಿಸಬೇಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜೀವ ಹೋಗುವುದು ಇಲ್ಲೇ.

ಇದ್ದಿಲು, ಸೌದೆ, ಗ್ಯಾಸ್, ಸೀಮೆಎಣ್ಣೆ, ಯಾವುದೇ ಉರಿಯಲಿ. ಆಮ್ಲಜನಕ ಸಾಲದೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಇದು ಸ್ವಲ್ಪವೇ ಇದ್ದರೂ ರಕ್ತದಲ್ಲಿ ಆಮ್ಲಜನಕಕ್ಕೆ ಜಾಗ ಇಲ್ಲದಂತಾಗುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಏನೂ ಗೊತ್ತಾಗುವುದಿಲ್ಲ.

ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನುವ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಮನೆಯ ಕೋಣೆ. ನಮ್ಮ ಟ್ರೇಲರ್ ಒಳಗಿನ ಗಾಳಿ ಅದರ ಐದನೇ ಒಂದು ಭಾಗವೂ ಇರುವುದಿಲ್ಲ.

ಹಾಗಾಗಿ ಈ ಕೆಳಗಿನವು ಪೂರ್ತಿ ಬೇಡ:

- ಕ್ಯಾಂಪ್‌ಫೈರ್‌ನ ಕೆಂಡವನ್ನು ಬಾಣಲಿಯಲ್ಲಿ ತುಂಬಿ ಒಳಗೆ ತರುವುದು. ಬೂದಿ ಮುಚ್ಚಿ ತಣ್ಣಗಾದಂತೆ ಕಂಡ ಕೆಂಡವೂ ವಿಷ ಬಿಡುತ್ತಲೇ ಇರುತ್ತದೆ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ.
- ಬಾರ್ಬೆಕ್ಯೂ ಗ್ರಿಲ್, ಅಗ್ಗಿಷ್ಟಿಕೆ, ಸೀಮೆಎಣ್ಣೆ ಸ್ಟೌ.
- ಅಡುಗೆಯ ಗ್ಯಾಸ್ ಸ್ಟೌ ಹಚ್ಚಿ ಒಳಗೆ ಬೆಚ್ಚಗೆ ಮಾಡಿಕೊಳ್ಳುವುದು.
- ಸಿಲಿಂಡರ್ ಮೇಲೆ ಕೂರಿಸುವ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗುವುದು. ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಸೆನ್ಸರ್ ಇರುವಂಥವೂ ಇವೆ. ಆದರೂ ಮಲಗುವ ಗೂಡಿನೊಳಗೆ ಅದನ್ನು ನಂಬಲು ನನಗೆ ಮನಸ್ಸಿಲ್ಲ.
- ಕಾರಿನ ಇಂಜಿನ್ ಆನ್ ಇಟ್ಟು ಮಲಗುವುದು. ಕಾರಿನ ಸೈಲೆನ್ಸರ್ ಇರುವುದು ಟ್ರೇಲರ್‌ನ ಮೂತಿಯ ಹತ್ತಿರವೇ ಅಲ್ವಾ?

ಇನ್ನೊಂದು ಇದೆ, ಮೇಣದಬತ್ತಿಯ ಮೇಲೆ ಮಣ್ಣಿನ ಹೂಕುಂಡ ಬೋರಲು ಹಾಕುವ ಉಪಾಯ. ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಮೇಣದಬತ್ತಿ ಕೊಡುವ ಶಾಖ ಹೆಚ್ಚೆಂದರೆ 80 ವ್ಯಾಟ್‌ನ ಆಸುಪಾಸು. ಕುಂಡ ಇಟ್ಟರೆ ಅದು ಹೆಚ್ಚಾಗುವುದಿಲ್ಲ, ಬರೀ ಕುಂಡ ಬಿಸಿಯಾಗುತ್ತದೆ. ಅಷ್ಟೇ ಶಾಖವನ್ನು ಪಕ್ಕದಲ್ಲಿ ಮಲಗಿದವರ ಮೈ ಪುಕ್ಕಟೆ ಕೊಡುತ್ತದೆ. ಅದಕ್ಕೋಸ್ಕರ ರಜಾಯಿ ಪಕ್ಕದಲ್ಲಿ ಬೆಂಕಿ ಯಾಕೆ?

ಗ್ಯಾಸ್‌ನಿಂದ ಇನ್ನೊಂದು ತೊಂದರೆ ಇದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರ್‌ಗೂ ಹೆಚ್ಚು ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಹಾಸಿಗೆ ಮೇಲೆಯೇ ಇಳಿಯುತ್ತದೆ. ಬಿಸಿಗೆ ಅಂತ ಹಚ್ಚಿದ್ದು ಒದ್ದೆ ಮಾಡಿ ಹೋಗುತ್ತದೆ.

ಅಲಾರಂ ಇಲ್ಲದೆ ಗಾಡಿ ತೆಗೆಯಬೇಡಿ

ನೀವು ಒಳಗೆ ಏನೂ ಉರಿಸದಿದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕು. ಪಕ್ಕದ ಟೆಂಟಿನವರ ಜನರೇಟರ್ ಹೊಗೆ ನಿಮ್ಮ ಕಿಂಡಿಯಿಂದ ಒಳಗೆ ಬರಬಹುದು. ಬ್ಯಾಟರಿಯಲ್ಲಿ ನಡೆಯುವಂಥದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಪೆಟ್ಟಿಗೆ ಮೇಲೆ ಇಎನ್ 50291 (EN 50291, ಯುರೋಪಿನ ಮಾನದಂಡ) ಅಂತ ಇದೆಯಾ ನೋಡಿ. ಅದರ ಎರಡನೇ ಭಾಗ, ಅಂದರೆ 50291-2, ಕ್ಯಾರವಾನ್ ಮತ್ತು ದೋಣಿಗಳಿಗೆಂದೇ ಮಾಡಿದ ಮಾನದಂಡ. ಸ್ಮೋಕ್ ಅಲಾರಂ ಬೇರೆ, ಇದು ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂದುಕೊಳ್ಳಬೇಡಿ.

ಮಲಗಿದಾಗ ತಲೆ ಇರುವ ಮಟ್ಟದಲ್ಲಿ, ಆದರೆ ಹೊದಿಕೆಯಲ್ಲಿ ಮುಚ್ಚಿಹೋಗದ ಕಡೆ ಸಿಕ್ಕಿಸಿ. ಪ್ರತಿ ಸಲ ಹೊರಡುವ ಮುಂಚೆ ಟೆಸ್ಟ್ ಬಟನ್ ಒತ್ತಿ. ಸೆನ್ಸರ್‌ಗೆ ಆಯಸ್ಸು ಇರುತ್ತದೆ. ಹಿಂದೆ ಬರೆದಿರುವ ವರ್ಷ ದಾಟಿದ್ದರೆ ಸದ್ದು ಬಂದರೂ ಬದಲಿಸಿ, ಯಾಕೆಂದರೆ ಬಟನ್ ಒತ್ತಿದಾಗ ನೀವು ಪರೀಕ್ಷೆ ಮಾಡುವುದು ಬ್ಯಾಟರಿ ಮತ್ತು ಸದ್ದನ್ನು, ಸೆನ್ಸರ್ ಅನ್ನಲ್ಲ.

ರಾತ್ರಿ ಅಲಾರಂ ಕೂಗಿಕೊಂಡರೆ ಯೋಚನೆ ಮಾಡುತ್ತಾ ಕೂರಬೇಡಿ. ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ, ಎಷ್ಟು ಜನ ಬಂದರು ಎಣಿಸಿ. ಮೊಬೈಲು, ಚಪ್ಪಲಿಗೆ ಅಂತ ಮತ್ತೆ ಒಳಗೆ ಹೋಗಬೇಡಿ. ಯಾರಿಗಾದರೂ ತಲೆನೋವು, ಮಂಕು ಇದ್ದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಹೊರಗೆ ಬಂದ ಮೇಲೆ ಸ್ವಲ್ಪ ಸರಿಯಾಯ್ತು ಅನ್ನಿಸಿದರೂ ಆಸ್ಪತ್ರೆಗೆ ತೋರಿಸಲೇಬೇಕು.

ಹೆಜ್ಜೆ 1: ಗಾಡಿ ನಿಲ್ಲಿಸುವ ಜಾಗ

ಖರ್ಚೇ ಇಲ್ಲದ ಹೆಜ್ಜೆ ಇದು. ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೆರೆ ದಂಡೆ, ಕಣಿವೆಯ ತಳ, ಗದ್ದೆ ಬಯಲು ಫೋಟೋಗೆ ಚೆನ್ನ, ಮಲಗಲು ಅಲ್ಲ. ತಗ್ಗಿನಿಂದ ಸ್ವಲ್ಪ ಮೇಲಕ್ಕೆ, ಇಳಿಜಾರಿನ ನಡುವೆ ಒಂದು ಮಟ್ಟಸ ಜಾಗ ಸಿಕ್ಕರೆ ಅದೇ ಒಳ್ಳೆಯದು. ತೀರಾ ನೆತ್ತಿಗೆ ಹೋದರೆ ಗಾಳಿ ಹೊಡೆತ. ಗಾಳಿ ಬೀಸುವ ಕಡೆಗೆ ಟ್ರೇಲರ್‌ನ ಚಿಕ್ಕ ಮುಖ ಇರಲಿ, ಬಾಗಿಲು ಮರೆಯಲ್ಲಿರಲಿ. ಕಾರನ್ನು ಗಾಳಿಗೆ ಅಡ್ಡ ನಿಲ್ಲಿಸಿದರೂ ಆಗುತ್ತದೆ.

ಮರದ ಕೆಳಗೆ ಬಯಲಿಗಿಂತ ಬೆಚ್ಚಗಿರುತ್ತದೆ ಅನ್ನುವುದು ನಿಜ. ಮಂಜು ನೇರ ಚಾವಣಿ ಮೇಲೆ ಬೀಳುವುದಿಲ್ಲ. ಆದರೆ ಕಾಫಿ ತೋಟದ ಸಿಲ್ವರ್ ಓಕ್ ಕೊಂಬೆ ಸುಲಭವಾಗಿ ಮುರಿಯುತ್ತದೆ, ತಲೆ ಎತ್ತಿ ನೋಡಿ ನಿಲ್ಲಿಸಿ. ತೋಟದವರನ್ನು ಆನೆ ಓಡಾಟದ ಬಗ್ಗೆ ಕೇಳುವುದಂತೂ ಮರೆಯಬೇಡಿ.

ಬೆಳಕಿರುವಾಗಲೇ ತಲುಪಿದರೆ ಇದೆಲ್ಲ ನೋಡಬಹುದು. ಮೈಸೂರು, ಗುಂಡ್ಲುಪೇಟೆ ದಾರಿಯಲ್ಲಿ ಊಟಿಗೆ ಹೋಗುವವರಿಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿ, ಕೊಡೈಕೆನಾಲ್‌ಗೆ 2024ರಿಂದ ಇ-ಪಾಸ್ ಕೂಡ ಬೇಕು. ಟ್ರೇಲರ್ ಕಟ್ಟಿಕೊಂಡವರು ಮಸಿನಗುಡಿ ಮೇಲಿನ ಕಲ್ಹಟ್ಟಿ ಘಾಟಿ ಬಿಟ್ಟು ಗೂಡಲೂರು ದಾರಿ ಹಿಡಿಯಿರಿ. ಆ 36 ತಿರುವುಗಳು ಟ್ರೇಲರ್‌ಗೆ ಹೇಳಿದ್ದಲ್ಲ.

ಹೆಜ್ಜೆ 2: ಸಂದಿ ಮುಚ್ಚಿ, ಕಿಂಡಿ ಬಿಡಿ

ಎರಡೂ ಒಟ್ಟಿಗೆ ಹೇಗೆ ಅಂತ ಕೇಳಬಹುದು. ನಮಗೆ ಬೇಡದ ಕಡೆ ಗಾಳಿ ನುಗ್ಗಬಾರದು, ಬೇಕಾದ ಕಡೆ ಆಡಬೇಕು.

ಗಾಳಿ ಎಲ್ಲಿ ನುಗ್ಗುತ್ತದೆ ಅಂತ ಕಂಡುಹಿಡಿಯಲು ಸುಲಭದ ದಾರಿ: ಮನೆ ಮುಂದೆ ಗಾಡಿ ನಿಂತಾಗ, ಹಾಸಿಗೆ ಬಟ್ಟೆ ಎಲ್ಲ ಹೊರಗಿಟ್ಟು, ಬಾಗಿಲು ಹಾಕಿಕೊಂಡು ಒಂದು ಊದುಬತ್ತಿ ಹಚ್ಚಿ ಅಂಚುಗಳ ಉದ್ದಕ್ಕೂ ಹಿಡಿದು ನೋಡಿ. ಹೊರಗಿನಿಂದ ಯಾರಾದರೂ ಟೇಬಲ್ ಫ್ಯಾನ್ ಹಿಡಿದರೆ ಇನ್ನೂ ಚೆನ್ನ. ಹೊಗೆ ಅಲುಗಾಡಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಲಸ ಮುಗಿದ ಕೂಡಲೇ ಆರಿಸಿ ಬಾಗಿಲು ತೆಗೆಯಿರಿ. ಇದು ಹಗಲಿನ ಪರೀಕ್ಷೆ, ರಾತ್ರಿ ಮಲಗುವಾಗ ಒಳಗೆ ಊದುಬತ್ತಿಯೂ ಬೇಡ, ಸೊಳ್ಳೆಬತ್ತಿಯೂ ಬೇಡ.

ಬಾಗಿಲಿಗೆ ಕಾರಿನ ಡೋರ್ ಬೀಡಿಂಗ್ ರಬ್ಬರ್ ಹಾಕಿ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಳತೆ ಹೇಳಿ ಕತ್ತರಿಸಿಕೊಂಡು ತರಬಹುದು. ಹಳೆಯ ಬೀಡಿಂಗ್‌ನ ಒಂದು ತುಂಡು ಜೊತೆಗೆ ಒಯ್ದರೆ ದಪ್ಪದ ಗೊಂದಲ ಇರುವುದಿಲ್ಲ. ವೈರ್ ಬರುವ ತೂತು, ಮೊಳೆ ಹೊಡೆದ ತೂತುಗಳಿಗೆ ಸಿಲಿಕೋನ್. ನೆಲದ ಮೂಲೆಗಳನ್ನು ಮರೆಯಬೇಡಿ.

ಇನ್ನು ಕಿಂಡಿ. ಇಬ್ಬರು ಮಲಗಿ ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಲೀಟರ್‌ಗೂ ಜಾಸ್ತಿ ನೀರು ಗಾಳಿಗೆ ಸೇರಿರುತ್ತದೆ. ಅದು ಹೊರಗೆ ಹೋಗಲೇಬೇಕು. ಕೆಳಗೆ ಒಂದು, ಎದುರು ಬದಿಯಲ್ಲಿ ಮೇಲೆ ಒಂದು, ಅಂಗೈಯಗಲದ ಎರಡು ಕಿಂಡಿ ಇರಲಿ. ಹೊರಗಡೆ ಮಳೆ ತಡೆಯುವ ರೆಕ್ಕೆ, ಒಳಗಡೆ ಸೊಳ್ಳೆ ಜಾಲರಿ. ಚಳಿ ಅಂತ ಅದಕ್ಕೆ ಟವೆಲ್ ತುರುಕುವವರನ್ನು ಕಂಡಿದ್ದೇನೆ, ಬೆಳಿಗ್ಗೆ ಅವರ ಹೊದಿಕೆ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಒದ್ದೆ ಹೊದಿಕೆ ಶಾಖ ಹಿಡಿಯುವುದಿಲ್ಲ. ಕಿಂಡಿಯಿಂದ ಹೋಗುವ ಬಿಸಿಗಿಂತ ಒದ್ದೆಯಿಂದ ಆಗುವ ನಷ್ಟವೇ ದೊಡ್ಡದು.

ಹೆಜ್ಜೆ 3: ಗೋಡೆ, ಚಾವಣಿ, ನೆಲ

ಒಂದು ಲೆಕ್ಕ ಹಾಕೋಣ. 2.4 ಮೀಟರ್ ಉದ್ದ, 1.6 ಅಗಲ, 1.5 ಎತ್ತರದ ಪೆಟ್ಟಿಗೆಯಂಥ ಟ್ರೇಲರ್ ಅಂದುಕೊಳ್ಳಿ. ಆರೂ ಮುಖ ಸೇರಿ ಸುಮಾರು 20 ಚದರ ಮೀಟರ್. ಹೊರಗೆ 6 ಡಿಗ್ರಿ, ಒಳಗೆ 18 ಬೇಕು. ಬರೀ ತಗಡಿನ ಗೋಡೆಯಾದರೆ ಅಷ್ಟನ್ನು ಹಿಡಿದಿಡಲು 1,300 ವ್ಯಾಟ್‌ನ ಆಸುಪಾಸು ಶಾಖ ಎಡೆಬಿಡದೆ ಬೇಕು. ಅದೇ ಗೋಡೆಗೆ 25 ಮಿಲಿಮೀಟರ್ ಫೋಮ್ ಹಾಕಿದರೆ ಗೋಡೆಯಿಂದ ಹೋಗುವುದು 300 ವ್ಯಾಟ್‌ಗಿಂತ ಕಡಿಮೆ. ಕಿಟಕಿ, ಕಿಂಡಿ, ಕಬ್ಬಿಣದ ಚೌಕಟ್ಟು ಎಲ್ಲ ಸೇರಿಸಿದರೂ 500ರ ಹತ್ತಿರ. ಮಲಗಿರುವ ಇಬ್ಬರೇ ಸುಮಾರು 150 ವ್ಯಾಟ್ ಕೊಡುತ್ತಾರೆ. ಹೀಟರ್‌ಗೆ ಸುರಿಯುವ ದುಡ್ಡು ಫೋಮ್‌ಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ.

ಯಾವ ಫೋಮ್? ಎಸಿ ಡಕ್ಟ್‌ಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ ನನ್ನ ಮೊದಲ ಆಯ್ಕೆ. ಬಾಗಿದ ಗೋಡೆಗೂ ಅಂಟುತ್ತದೆ, ತೇವ ಹೀರುವುದಿಲ್ಲ, ಬೆಂಕಿ ಸುಲಭಕ್ಕೆ ಹರಡದ ದರ್ಜೆಯದ್ದು ಸಿಗುತ್ತದೆ. ಎಸಿ ಕೆಲಸದ ಸಾಮಾನು ಮಾರುವವರ ಹತ್ತಿರ ಕೇಳಿ. ಮಟ್ಟಸ ಗೋಡೆಗೆ, ನೆಲಕ್ಕೆ ಎಕ್ಸ್‌ಪಿಎಸ್ ಬೋರ್ಡ್ (ಥರ್ಮಾಕೋಲ್ ಜಾತಿಯದೇ ಗಟ್ಟಿ ಫೋಮ್ ಹಲಗೆ) ಚೆನ್ನ, ಕಾಲಿಟ್ಟರೂ ಕುಸಿಯುವುದಿಲ್ಲ. ಥರ್ಮಾಕೋಲ್ ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ, ರಸ್ತೆಯ ಕುಲುಕಾಟಕ್ಕೆ ಪುಡಿಯೂ ಆಗುತ್ತದೆ. ಯಾವುದೇ ಹಾಕಿ, ಒಳಮುಖ ಬರಿದಾಗಿ ಬಿಡಬೇಡಿ. ತೆಳು ಪ್ಲೈವುಡ್ ಹೊದಿಸಿ.

ಬಬಲ್ ಹಾಳೆಗೆ ಬೆಳ್ಳಿ ಬಣ್ಣದ ಫಾಯಿಲ್ ಅಂಟಿಸಿದ್ದು ಸಿಗುತ್ತದೆ ಅಲ್ವಾ, ಅದನ್ನು ನೇರ ತಗಡಿಗೆ ಅಂಟಿಸಿದರೆ ಉಪಯೋಗ ಕಡಿಮೆ. ಫಾಯಿಲ್ ಮುಂದೆ ಗಾಳಿಯ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುವುದು. ಕಿಟಕಿಗೆ ಅದು ಒಳ್ಳೆಯದು. ಗಾಜಿನ ಅಳತೆಗೆ ಕತ್ತರಿಸಿ, ಅಂಚಿಗೆ ವೆಲ್ಕ್ರೋ ಹೊಲಿಸಿ, ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಿರಿ.

ದುಡ್ಡು ಎಲ್ಲಕ್ಕೂ ಸಾಲದು ಅಂದರೆ ಚಾವಣಿಗೆ ಮೊದಲು ಹಾಕಿ, ಆಮೇಲೆ ನೆಲ, ಆಮೇಲೆ ಗೋಡೆ. ಚಾವಣಿಗೆ ಹಾಕಿದ್ದು ಏಪ್ರಿಲ್ ಬಿಸಿಲಿಗೂ ಆಗುತ್ತದೆ.

ಹೆಜ್ಜೆ 4: ಹಾಸಿಗೆ

ಇದು ಎಲ್ಲಕ್ಕಿಂತ ಮುಖ್ಯ, ಆದರೂ ಜನ ಕೊನೆಗೆ ಬಿಡುವುದು ಇದನ್ನೇ.

ಮೈ ಭಾರಕ್ಕೆ ಕೆಳಗಿನ ಹೊದಿಕೆ ಒತ್ತಿಹೋಗುತ್ತದೆ. ಒತ್ತಿಹೋದ ಹತ್ತಿಯಲ್ಲಿ ಗಾಳಿ ಇರುವುದಿಲ್ಲ, ಗಾಳಿ ಇಲ್ಲದಿದ್ದರೆ ಬಿಸಿ ನಿಲ್ಲುವುದಿಲ್ಲ. ಬೆನ್ನಿಗೆ ಚಳಿ ಹತ್ತುವುದು ಹೀಗೆ. ಮೇಲೆ ಎಷ್ಟು ಹೊದ್ದರೂ ಅದು ಹೋಗುವುದಿಲ್ಲ. ಗಾಳಿ ತುಂಬುವ ಹಾಸಿಗೆ ಇನ್ನೂ ಕೆಟ್ಟದ್ದು, ಒಳಗಿನ ಗಾಳಿ ಸುತ್ತಾಡಿ ಬೆನ್ನಿನ ಬಿಸಿಯನ್ನು ನೆಲಕ್ಕೆ ಸಾಗಿಸುತ್ತದೆ.

ಕೆಳಗಿನಿಂದ ಹೀಗೆ ಜೋಡಿಸಿ. ಮೊದಲು ಮರದ ಪಟ್ಟಿ ಅಥವಾ ಚಾಪೆ, ಹಾಸಿಗೆ ಅಡಿ ತೇವ ನಿಲ್ಲದಿರಲು. ಅದರ ಮೇಲೆ ಯೋಗ ಮ್ಯಾಟ್ ಥರದ ಗಟ್ಟಿ ಫೋಮ್ ಹಾಳೆ. ಆಮೇಲೆ ನಿಮ್ಮ ಹಾಸಿಗೆ. ಅದರ ಮೇಲೆ ಒಂದು ಉಣ್ಣೆ ಕಂಬಳಿ ಹಾಸಿ, ಮೇಲೊಂದು ಹತ್ತಿ ದುಪ್ಪಟಿ. ಕಂಬಳಿ ಅಂದರೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ. ಒರಟು, ಚುಚ್ಚುತ್ತದೆ, ನಿಜ. ಆದರೆ ಸ್ವಲ್ಪ ಒದ್ದೆಯಾದರೂ ಬಿಸಿ ಬಿಟ್ಟುಕೊಡುವುದಿಲ್ಲ, ಕಿಡಿ ಬಿದ್ದರೆ ಧಗ್ಗನೆ ಉರಿಯುವುದೂ ಇಲ್ಲ. ಮಾಲ್‌ನಲ್ಲಿ ಸಿಗುವ ನುಣುಪು ಫ್ಲೀಸ್ ಹೊದಿಕೆ ಕಿಡಿ ಬಿದ್ದರೆ ಕರಗುತ್ತದೆ.

ಹೊದೆಯಲು ರಜಾಯಿ, ಇಲ್ಲವೇ ಸ್ಲೀಪಿಂಗ್ ಬ್ಯಾಗ್. ಇಬ್ಬರಿಗೂ ಸೇರಿ ಒಂದೇ ದೊಡ್ಡದು ಇದ್ದರೆ ಇಬ್ಬರ ಶಾಖವೂ ಒಳಗೇ ಉಳಿಯುತ್ತದೆ, ಎಳೆದಾಟ ಇರುವುದಿಲ್ಲ ಅನ್ನುವ ಭರವಸೆ ನಾನು ಕೊಡಲಾರೆ. ತಲೆಗೆ ಉಣ್ಣೆ ಟೋಪಿ ಅಥವಾ ಮಫ್ಲರ್, ಕಾಲಿಗೆ ಒಣಗಿದ ಸಾಕ್ಸ್. ಹಗಲು ಹಾಕಿದ ಸಾಕ್ಸ್‌ನಲ್ಲಿ ಬೆವರು ಇರುತ್ತದೆ, ಬದಲಿಸಿ. ಮುಖ ಹೊದಿಕೆಯೊಳಗೆ ಹುದುಗಿಸಿ ಉಸಿರಾಡಬೇಡಿ, ಹೊದಿಕೆ ಒದ್ದೆಯಾಗುತ್ತದೆ.

ಮಲಗುವ ಮುಂಚೆ ಹೊಟ್ಟೆ ತುಂಬ ಬಿಸಿ ಊಟ ಮಾಡಿ. ಹಸಿದು ಮಲಗಿದರೆ ನಡುರಾತ್ರಿ ಚಳಿ ಜಾಸ್ತಿ. ಮದ್ಯ ಕುಡಿದರೆ ಬಿಸಿಯಾಗುತ್ತದೆ ಅನ್ನುವುದು ಸುಳ್ಳು, ಚರ್ಮದ ಕಡೆಗೆ ರಕ್ತ ಹರಿದು ಬಿಸಿ ಅನ್ನಿಸುತ್ತದೆ, ಒಳಗಿನ ಶಾಖ ಬೇಗ ಹೋಗುತ್ತದೆ.

ಹೆಜ್ಜೆ 5: ಬಿಸಿನೀರಿನ ಚೀಲ

ಇಡೀ ಪಟ್ಟಿಯಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಡುವ ವಸ್ತು ಯಾವುದು ಅಂದರೆ ಮೆಡಿಕಲ್ ಶಾಪ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ರಬ್ಬರ್ ಹಾಟ್ ವಾಟರ್ ಬ್ಯಾಗ್. ಎರಡು ಲೀಟರ್ ನೀರು 70 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಸುಮಾರು 80 ವ್ಯಾಟ್-ಗಂಟೆ ಶಾಖ ಬಿಡುತ್ತದೆ. ಸಂಖ್ಯೆ ಚಿಕ್ಕದು ಅನ್ನಿಸಬಹುದು. ಆದರೆ ಅದು ಪೂರ್ತಿ ರಜಾಯಿಯ ಒಳಗೇ ಬೀಳುತ್ತದೆ, ಚಾವಣಿಗೆ ಹೋಗುವುದಿಲ್ಲ.

ನೀರನ್ನು ಹೊರಗೆ ಸ್ಟೌ ಮೇಲೆ ಕಾಯಿಸಿ. ಕುದಿಯುವ ನೀರು ಹಾಕಬೇಡಿ, ಕುದಿ ನಿಂತ ಮೇಲೆ ಸ್ವಲ್ಪ ಹೊತ್ತು ಬಿಡಿ. ಮುಕ್ಕಾಲು ತುಂಬಿ, ಒತ್ತಿ ಗಾಳಿ ತೆಗೆದು, ಮುಚ್ಚಳ ಬಿಗಿ ಮಾಡಿ, ತಲೆಕೆಳಗೆ ಹಿಡಿದು ನೋಡಿ. ಬಟ್ಟೆಯ ಕವರ್ ಹಾಕಿಯೇ ಒಳಗಿಡಿ. ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆ ನಡುವೆ ಇಟ್ಟು, ಮಲಗಿದಾಗ ಕಾಲ ಕಡೆಗೆ ತಳ್ಳಿ. ಚಿಕ್ಕ ಮಕ್ಕಳ ಹಾಸಿಗೆಯಲ್ಲಿ ಮಲಗಿದ ಮೇಲೆ ಇರಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಇದನ್ನು ಗಮನಿಸಿ. ಬ್ಯಾಗ್ ಇಲ್ಲದಿದ್ದರೆ ಒಂದೇ ಪದರದ ಸ್ಟೀಲ್ ಬಾಟಲಿಗೆ ದಪ್ಪ ಸಾಕ್ಸ್ ಹಾಕಿ. ಫ್ಲಾಸ್ಕ್ ಥರದ್ದು ಆಗದು, ಅದು ಬಿಸಿಯನ್ನು ಹೊರಗೇ ಬಿಡುವುದಿಲ್ಲ.

ಕೊಡಗು, ಚಿಕ್ಕಮಗಳೂರಿನ ಮಟ್ಟದ ಚಳಿಗೆ ಇಲ್ಲಿಗೆ ನಿಲ್ಲಿಸಬಹುದು. ಮುಂದಿನದು ಊಟಿಗೆ ಹೋಗುವವರಿಗೆ, ಮತ್ತು ಚಳಿ ತಡೆಯದ ಮೈಯವರಿಗೆ.

ಹೆಜ್ಜೆ 6: ಕರೆಂಟ್

ಪ್ಲಗ್ ಪಾಯಿಂಟ್ ಇಲ್ಲದ ಕಡೆ 12 ವೋಲ್ಟ್ ಎಲೆಕ್ಟ್ರಿಕ್ ಹೊದಿಕೆ ಒಳ್ಳೆಯದು. 50 ವ್ಯಾಟ್‌ನದ್ದು ಎಂಟು ಗಂಟೆ ಎಡೆಬಿಡದೆ ಉರಿದರೂ 400 ವ್ಯಾಟ್-ಗಂಟೆ. 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ 1,200 ಇರುತ್ತದೆ, ಅರ್ಧಕ್ಕಿಂತ ಜಾಸ್ತಿ ತೆಗೆದರೆ ಬ್ಯಾಟರಿ ಬೇಗ ಹಾಳಾಗುತ್ತದೆ, ಹಾಗಾಗಿ 600 ಅಂತ ಲೆಕ್ಕ ಹಿಡಿಯಿರಿ. ಒಂದು ರಾತ್ರಿ ಆರಾಮ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 1,000ಕ್ಕೂ ಹೆಚ್ಚು ಸಿಗುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹಿಮ ಬಿದ್ದ ಬೆಳಿಗ್ಗೆ ಸೋಲಾರ್ ಪ್ಯಾನೆಲ್ ಹಾಕಲು ಅವಸರ ಬೇಡ. ಕಾರಿನ ಬ್ಯಾಟರಿಯಿಂದ ರಾತ್ರಿ ಕರೆಂಟ್ ತೆಗೆಯಬೇಡಿ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಎಲೆಕ್ಟ್ರಿಕ್ ಹೊದಿಕೆಯನ್ನು ಮಡಿಸಿ ಆನ್ ಮಾಡಬೇಡಿ, ಒಳಗಿನ ತಂತಿ ಒಂದೇ ಕಡೆ ಕಾದು ಸುಡುತ್ತದೆ. ಅದೇ ಹಾಸಿಗೆಯಲ್ಲಿ ನೀರಿನ ಚೀಲವನ್ನೂ ಇಡಬೇಡಿ, ಎರಡರಲ್ಲಿ ಒಂದು.

ಬ್ಯಾಟರಿ ಮತ್ತು ಇನ್ವರ್ಟರ್‌ನಿಂದ 2,000 ವ್ಯಾಟ್ ರೂಮ್ ಹೀಟರ್ ಓಡಿಸುವ ಆಸೆ ಬಿಡಿ. 12 ವೋಲ್ಟ್‌ನಲ್ಲಿ ಅದು 165 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅರ್ಧ ಗಂಟೆಯೊಳಗೆ ಬ್ಯಾಟರಿ ಖಾಲಿ, ವೈರ್ ಕಾದು ಅನಾಹುತ ಬೇರೆ.

ಹೋಂಸ್ಟೇಯವರು ಪ್ಲಗ್ ಕೊಟ್ಟರೆ ಸಣ್ಣ ಸೆರಾಮಿಕ್ ಹೀಟರ್ ಸಾಕು, 500ರಿಂದ 750 ವ್ಯಾಟ್‌ದ್ದು. ಬಿದ್ದರೆ ತಾನೇ ಆರುವ ಸ್ವಿಚ್ ಇರಬೇಕು. ಕೆಂಪಗೆ ಕಾಯುವ ರಾಡ್ ಹೀಟರ್, ಹ್ಯಾಲೋಜನ್ ಹೀಟರ್ ಬೇಡ. ಅವಕ್ಕೆ ಬಟ್ಟೆಯಿಂದ ಒಂದು ಮೀಟರ್ ದೂರ ಬೇಕು, ನಮ್ಮ ಗಾಡಿಯಲ್ಲಿ ಆ ಒಂದು ಮೀಟರ್ ಎಲ್ಲಿದೆ? ಮಲಗುವ ಮುಂಚೆ ಅರ್ಧ ಗಂಟೆ ಹಾಕಿ, ಆರಿಸಿ ಮಲಗಿ. ಬೆಳಿಗ್ಗೆ ಏಳುವಾಗ ಮತ್ತೆ ಹಾಕಿ.

ವೈರಿಂಗ್‌ನಲ್ಲಿ ಜಿಪುಣತನ ಬೇಡ. ಮನೆಯಲ್ಲಿ ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬೋರ್ಡ್ ಹೀಟರ್‌ಗೆ ಆಗುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ 2.5 ಚದರ ಮಿಲಿಮೀಟರ್‌ನ ಮೂರು ಎಳೆ ತಾಮ್ರದ ಕೇಬಲ್ ತೆಗೆದುಕೊಂಡು, 16 ಆಂಪಿಯರ್ ಪ್ಲಗ್ ಹಾಕಿಸಿ. ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟರೆ ಒಳಗೇ ಕಾಯುತ್ತದೆ. ಗಾಡಿಯೊಳಗೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆರುವ ಸ್ವಿಚ್) ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇರಲಿ. ತಗಡಿನ ಮೈಯ ಗಾಡಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ, ಮಂಜಿನಲ್ಲಿ ನೆನೆದ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರಿಗೆ ಶಾಕ್. ಎಷ್ಟೋ ತೋಟದ ಮನೆಗಳಲ್ಲಿ ಮೂರನೇ ಪಿನ್ ಹೆಸರಿಗೆ ಮಾತ್ರ ಇರುತ್ತದೆ. ಪ್ಲಗ್‌ಗೆ ಹಾಕಿ ನೋಡುವ ಸಣ್ಣ ಸಾಕೆಟ್ ಟೆಸ್ಟರ್ ಜೊತೆಗಿಡಿ. ಅರ್ಥ್ ಇಲ್ಲ ಅಂತ ತೋರಿಸಿದರೆ ಹೀಟರ್ ಆಸೆ ಬಿಟ್ಟು ನೀರಿನ ಚೀಲಕ್ಕೆ ವಾಪಸ್ ಬನ್ನಿ.

ಹೆಜ್ಜೆ 7: ಡೀಸೆಲ್ ಹೀಟರ್, ಬೇಕೇ ಬೇಕು ಅನ್ನುವವರಿಗೆ

ವೆಬಾಸ್ಟೊ, ಎಬರ್‌ಸ್ಪೇಷರ್ ಕಂಪನಿಗಳು ಲಾರಿ, ಬಸ್ಸುಗಳಿಗೆ ಮಾಡುವ ಥರದ್ದು ಇದು. ಅದೇ ರೀತಿಯ ಅಗ್ಗದ ಚೀನಾ ಹೀಟರ್‌ಗಳೂ ಬಂದಿವೆ. ಇದರಲ್ಲಿ ಉರಿ ಮುಚ್ಚಿದ ಕೋಶದೊಳಗೆ ಇರುತ್ತದೆ. ಉರಿಯಲು ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಒಳಗಿನ ಗಾಳಿ ಬೇರೆ ದಾರಿಯಲ್ಲಿ ಹಾದು ಬಿಸಿಯಾಗುತ್ತದೆ. ಉರಿಸುವ ಹೀಟರ್‌ಗಳಲ್ಲಿ ಮಲಗುವ ಜಾಗಕ್ಕೆ ನಾನು ಒಪ್ಪುವುದು ಇದೊಂದನ್ನೇ, ಅದೂ ಸರಿಯಾಗಿ ಕೂರಿಸಿದ್ದರೆ ಮಾತ್ರ.

ಕೊಳ್ಳುವಾಗ 2 ಕಿಲೋವ್ಯಾಟ್‌ದ್ದು ಸಾಕು. 5 ಕಿಲೋವ್ಯಾಟ್‌ದ್ದು ಪುಟ್ಟ ಗಾಡಿಯಲ್ಲಿ ಸದಾ ಕಡಿಮೆ ಉರಿಯಲ್ಲೇ ಓಡಿ ಮಸಿ ಕಟ್ಟುತ್ತದೆ. ಕಡಿಮೆ ಉರಿಯಲ್ಲಿ ಒಂದು ರಾತ್ರಿಗೆ ಸುಮಾರು ಒಂದು ಲೀಟರ್ ಡೀಸೆಲ್. ಹೊತ್ತಿಕೊಳ್ಳುವಾಗ ಕೆಲವು ನಿಮಿಷ 8–10 ಆಂಪಿಯರ್ ಎಳೆಯುತ್ತದೆ, ಆಮೇಲೆ ಫ್ಯಾನ್ ಮತ್ತು ಪಂಪ್‌ಗೆ ಬೇಕಾದಷ್ಟೇ.

ಫಿಟ್ಟಿಂಗ್ ಮಾಡಿಸುವಾಗ ನೀವೇ ನಿಂತು ನೋಡಬೇಕಾದ ಸಂಗತಿಗಳಿವೆ. ಹೊಗೆ ಪೈಪು ನೆಲದಿಂದ ಕೆಳಗಿಳಿದು ಗಾಡಿಯ ಅಂಚು ದಾಟಿ ಹೊರಗೆ ಬರಬೇಕು, ಬಾಗಿಲು, ಕಿಟಕಿ, ಕಿಂಡಿಯ ಕೆಳಗಂತೂ ಅಲ್ಲ. ಉರಿಯುವ ಗಾಳಿಯ ಪೈಪು ಅದರಿಂದ ದೂರ ಇರಬೇಕು, ಇಲ್ಲದಿದ್ದರೆ ಹೀಟರ್ ತನ್ನ ಹೊಗೆಯನ್ನೇ ಮತ್ತೆ ನುಂಗುತ್ತದೆ. ಹೊಗೆ ಪೈಪಿನ ಜೋಡಣೆ ಒಂದೂ ಗಾಡಿಯ ಒಳಗೆ ಇರಬಾರದು. ಆ ಪೈಪು ನೂರಾರು ಡಿಗ್ರಿ ಕಾಯುತ್ತದೆ, ನೆಲದ ಪ್ಲೈವುಡ್ ತೂತಿನಲ್ಲಿ ಲೋಹದ ಫ್ಲೇಂಜ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿಸಿ, ಸುತ್ತ ಫೋಮ್ ಕತ್ತರಿಸಿ ತೆಗೆಸಿ, ಡೀಸೆಲ್ ಪೈಪು ಅದರ ಹತ್ತಿರ ಸುಳಿಯದಂತೆ ನೋಡಿ. ಟ್ಯಾಂಕ್ ಹೊರಗೇ ಇರಲಿ. ಪೀಣ್ಯದಲ್ಲಿ ಬ್ರಾಕೆಟ್, ಫ್ಲೇಂಜ್ ಮಾಡಿಕೊಡುವ ಫ್ಯಾಬ್ರಿಕೇಟರ್‌ಗಳಿಗೆ ಬರವಿಲ್ಲ. ಆದರೆ ಇದನ್ನು ಮುಂಚೆ ಕೂರಿಸಿದ ಅನುಭವ ಇದೆಯಾ ಅಂತ ಕೇಳಿಯೇ ಕೊಡಿ.

ಎತ್ತರದ ವಿಷಯ ಒಂದಿದೆ. ಊಟಿಯಲ್ಲಿ ಗಾಳಿ ತೆಳು. ಬೆಂಗಳೂರಿಗೆ ಹೊಂದಿಸಿದ ಡೀಸೆಲ್ ಪ್ರಮಾಣ ಅಲ್ಲಿಗೆ ಜಾಸ್ತಿಯಾಗಿ ಕಪ್ಪು ಹೊಗೆ ಬರುತ್ತದೆ, ಒಳಗೆ ಮಸಿ ಕಟ್ಟುತ್ತದೆ. ಎತ್ತರಕ್ಕೆ ಹೊಂದಿಸುವ ಸೌಲಭ್ಯ ಇರುವ ಮಾಡೆಲ್ ತೆಗೆದುಕೊಳ್ಳಿ. ಆರಿಸುವಾಗ ಬಟನ್‌ನಲ್ಲೇ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಬ್ಯಾಟರಿ ತೆಗೆಯಬೇಡಿ. ಒಳಗಿನ ಬಿಸಿ ಹೋಗದಿದ್ದರೆ ಭಾಗಗಳು ಸುಟ್ಟುಹೋಗುತ್ತವೆ. ಆಗಾಗ ಹದಿನೈದು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ.

ಹೊಸದಾಗಿ ಕೂರಿಸಿದ ಮೇಲೆ ಮೊದಲ ಸಲ ಬೆಟ್ಟದಲ್ಲಿ ಹಚ್ಚಬೇಡಿ. ಮನೆ ಹತ್ತಿರ, ಬಯಲಿನಲ್ಲಿ, ಒಳಗೆ ಯಾರೂ ಇಲ್ಲದಾಗ, ಅಲಾರಂ ಒಳಗಿಟ್ಟು ಒಂದೆರಡು ಗಂಟೆ ಓಡಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಂತೂ ಬೇಡವೇ ಬೇಡ, ಹೊಗೆ ಹೋಗಲು ಅಲ್ಲಿ ಜಾಗವಿಲ್ಲ, ಅಸೋಸಿಯೇಷನ್‌ನವರ ಸಿಟ್ಟು ಬೇರೆ.

ಬೆಳಿಗ್ಗೆ ಮಾಡಬೇಕಾದ್ದು

ಎದ್ದ ಕೂಡಲೇ ಬಾಗಿಲು, ಕಿಟಕಿ ಪೂರ್ತಿ ತೆಗೆಯಿರಿ. ಗಾಜು ಮತ್ತು ತಗಡಿನ ಮೇಲಿನ ಹನಿ ಒಣ ಬಟ್ಟೆಯಲ್ಲಿ ಒರೆಸಿ. ಹಾಸಿಗೆ ಎತ್ತಿ ಅಡಿಭಾಗ ಮುಟ್ಟಿ ನೋಡಿ, ತೇವ ಇದ್ದರೆ ಬಿಸಿಲು ಬರುವವರೆಗೆ ನಿಲ್ಲಿಸಿಡಿ. ಚೀಲದ ನೀರು ಇನ್ನೂ ಬೆಚ್ಚಗಿರುತ್ತದೆ, ಕೈಕಾಲು ತೊಳೆಯಲು ಆಗುತ್ತದೆ. ರಬ್ಬರ್ ವಾಸನೆ ಇರುವುದರಿಂದ ಬಾಯಿಗೆ ಬೇಡ. ಊರಿಗೆ ಬಂದ ಮೇಲೆ ಚೀಲವನ್ನು ಮುಚ್ಚಳ ತೆಗೆದು ತಲೆಕೆಳಗೆ ನೇತುಹಾಕಿ ಒಣಗಿಸಿ. ಕಂಬಳಿಯನ್ನು ಬಿಸಿಲಿಗೆ ಹಾಕಿ ಬೇವಿನ ಎಲೆ ಇಟ್ಟು ಮಡಿಸಿ. ಮುಂದಿನ ಚಳಿಗಾಲಕ್ಕೆ ಗಾಡಿ ತೆಗೆಯುವಾಗ ಚೀಲ ಬಗ್ಗಿಸಿ ನೋಡಿ, ರಬ್ಬರ್‌ನಲ್ಲಿ ಸಣ್ಣ ಬಿರುಕು ಕಂಡರೂ ಹೊಸದು ತನ್ನಿ.